ಐದು ಮನೆ, ಒಬ್ಬ ಉಸ್ತುವಾರಿ: ಶಿವಮೊಗ್ಗದ ಒಂದು ಪ್ರಕರಣ ಅಧ್ಯಯನ

ಶಿವಮೊಗ್ಗದಲ್ಲಿ ಐದು ಬಾಡಿಗೆ ಮನೆ. ಮಾಲೀಕರು ತೀರ್ಥಹಳ್ಳಿ ತಾಲ್ಲೂಕಿನ ತೋಟದ ಮನೆಯಲ್ಲಿ ಒಬ್ಬರೇ ಇರುವ ನಿವೃತ್ತ ಶಿಕ್ಷಕಿ, ನನಗೆ ಚಿಕ್ಕಮ್ಮ. ಇಷ್ಟು ವರ್ಷ ಮನೆಗಳನ್ನು ನೋಡಿಕೊಂಡವರು ಚಿಕ್ಕಪ್ಪ. ಅವರು ತೀರಿಕೊಂಡ ಮೇಲೆ ಒಂದು ವರ್ಷ ಹೇಗೋ ನಡೆಯಿತು. ಆಮೇಲೆ ನಡೆಯಲಿಲ್ಲ. ಈ ಮನೆಗಳನ್ನು ಯಾರ ಕೈಗೆ ಕೊಡುವುದು, ಏನನ್ನು ಕೊಡುವುದು, ಏನನ್ನು ಕೊಡಬಾರದು ಎಂದು ಕೂತು ತೀರ್ಮಾನಿಸಿದ್ದರ ಪೂರ್ತಿ ವಿವರ ಇದು. ನಾನು ಬಾಡಿಗೆ, ತೆರಿಗೆ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಹಾಗಾಗಿ ಮೊದಲಿಂದ ಕೊನೆವರೆಗೂ ಜೊತೆಗಿದ್ದೆ.

ಇಂಥ ಮನೆಗಳು ನಮ್ಮ ಕಡೆ ಬಹಳ ಇವೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಪೇಟೆಯಲ್ಲಿ ಸೈಟು ತೆಗೆದಿರುತ್ತಾರೆ. ಮಕ್ಕಳ ಓದಿಗೆ ಅಂತ ಮನೆ ಕಟ್ಟಿರುತ್ತಾರೆ. ಓದು ಮುಗಿಸಿದ ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗುತ್ತಾರೆ, ಮನೆ ಬಾಡಿಗೆಗೆ ಹೋಗುತ್ತದೆ. ಹಿರಿಯರಿಗೆ ಓಡಾಡುವ ಶಕ್ತಿ ಇರುವ ತನಕ ಎಲ್ಲ ಸರಿ. ಆಮೇಲೆ ಏನು ಮಾಡುವುದು ಅಂತ ಗೊತ್ತಾಗದೆ ಕೂತವರನ್ನು ನನ್ನ ಕೆಲಸದಲ್ಲಿ ನೋಡುತ್ತಲೇ ಇರುತ್ತೇನೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಗೋಪಾಳದಲ್ಲಿ ಒಂದು ಕಟ್ಟಡ. ಕೆಳಗಿನ ಮನೆಗೆ 14,000 ರೂಪಾಯಿ ಬಾಡಿಗೆ, ಮೇಲಿನ ಎರಡಕ್ಕೆ ತಲಾ 12,000. ಸವಳಂಗ ರಸ್ತೆಯ ನವುಲೆಯಲ್ಲಿ ಒಂದು ಚಿಕ್ಕ ಮನೆ, ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಇರುತ್ತಾರೆ, 9,000. ಕೋಟೆ ರಸ್ತೆ ಹತ್ತಿರ ಚಿಕ್ಕಮ್ಮನ ತವರಿನಿಂದ ಬಂದ ಹಳೇ ಹಂಚಿನ ಮನೆ, 8,000. ಒಟ್ಟು ತಿಂಗಳಿಗೆ 55,000. ಅಡ್ವಾನ್ಸ್ ಎಲ್ಲ ಸೇರಿ 2,40,000. ಐದೂ ಮನೆ ಮೊದಲಿಂದ ಚಿಕ್ಕಮ್ಮನ ಹೆಸರಿನಲ್ಲೇ ಇದ್ದದ್ದು ದೊಡ್ಡ ಅನುಕೂಲ. ಚಿಕ್ಕಪ್ಪನ ಹೆಸರಿನಲ್ಲಿದ್ದು ಉಯಿಲು ಇಲ್ಲದಿದ್ದರೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಎಲ್ಲರೂ ವಾರಸುದಾರರು. ಖಾತೆ ಬದಲಾವಣೆ ಆಗಬೇಕು, ಉಸ್ತುವಾರಿಯ ಕರಾರಿಗೂ ಎಲ್ಲರ ಸಹಿ ಬೇಕು. ನಿಮ್ಮಲ್ಲಿ ಅಂಥ ಪರಿಸ್ಥಿತಿ ಇದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ.

ಏನು ಕೆಟ್ಟಿತ್ತು

ಚಿಕ್ಕಪ್ಪನ ಪದ್ಧತಿ ಸರಳ. ತಿಂಗಳಿಗೊಮ್ಮೆ ಬೆಳಗಿನ ಬಸ್ಸಿಗೆ ಹೊರಟು ಮಂಡಗದ್ದೆ, ಗಾಜನೂರು ಮೇಲೆ ಶಿವಮೊಗ್ಗಕ್ಕೆ ಬರುತ್ತಿದ್ದರು. ಐದೂ ಮನೆಗೆ ಹೋಗಿ ನಗದು ತೆಗೆದುಕೊಂಡು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದರು. ಬಾಡಿಗೆ ವಸೂಲಿ ಅದರಲ್ಲಿ ಚಿಕ್ಕ ಭಾಗ. ಮನೆಯೊಳಗೆ ಹೋಗಿ ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಗೋಡೆ ತೇವ ಹಿಡಿದಿದೆಯಾ, ನಲ್ಲಿ ಸೋರುತ್ತಿದೆಯಾ, ಯಾರಾದರೂ ಕೆಲಸ ಕಳೆದುಕೊಂಡಿದ್ದಾರಾ, ಎಲ್ಲ ಗೊತ್ತಾಗಿಬಿಡುತ್ತಿತ್ತು.

ಅವರು ಹೋದ ಮೇಲೆ ಬಾಡಿಗೆ ಫೋನಿನಲ್ಲಿ ಬರತೊಡಗಿತು, ಹೋಗಿ ನೋಡುವುದು ನಿಂತಿತು. ಮಳೆಗಾಲದಲ್ಲಿ ಚಿಕ್ಕಮ್ಮನಿಗೆ ಹೊರಡಲು ಆಗುವುದಿಲ್ಲ. ಮಳೆ ಕಳೆಯಿತು ಅನ್ನುವಾಗ ಅಡಿಕೆ ಕೊಯ್ಲು. ಮೇಲಿನ ಮನೆಯ ಒಬ್ಬರು ಮೂರು ತಿಂಗಳ ಬಾಡಿಗೆ ಬಾಕಿ ಇಟ್ಟು ಹೋದರು. ಅದನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡರೂ ಕರೆಂಟ್ ಬಿಲ್ ಉಳಿದಿತ್ತು. ಮೆಸ್ಕಾಂ ಮೀಟರಿನ ಆರ್‌ಆರ್ ನಂಬರ್ ಮಾಲೀಕರ ಹೆಸರಿನಲ್ಲಿರುತ್ತದೆ, ಬಾಕಿ ಅದರ ಮೇಲೇ ಉಳಿಯುತ್ತದೆ. ಅದನ್ನೂ ಕಟ್ಟಿದ್ದಾಯಿತು. ಹೊಸದಾಗಿ ಬಂದ ಸಂಸಾರಕ್ಕೆ ಗೃಹಜ್ಯೋತಿ ಸಿಗಲಿಲ್ಲ, ಯಾಕೆಂದರೆ ಹೋದವರ ಆಧಾರ್ ಆ ಮೀಟರಿಗೆ ಜೋಡಣೆಯಾಗಿ ಹಾಗೇ ಇತ್ತು. ಅದನ್ನು ಬಿಡಿಸಬೇಕು ಎಂಬುದೇ ಚಿಕ್ಕಮ್ಮನಿಗೆ ತಿಳಿದಿರಲಿಲ್ಲ. 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಸಿಗದ ಮನೆಯಲ್ಲಿ ಯಾರು ಇರುತ್ತಾರೆ? ಅವರೂ ಬೇರೆ ಮನೆ ನೋಡತೊಡಗಿದರು.

ಕೋಟೆಯ ಮನೆಯಲ್ಲಿ ಅದಕ್ಕಿಂತ ದೊಡ್ಡದೇ ನಡೆದಿತ್ತು. ನಾಲ್ಕೈದು ಹಂಚು ಸರಿದು, ಒಂದಿಡೀ ಮಳೆಗಾಲ ಅಟ್ಟದ ಮೇಲೆ ನೀರು ಬಿದ್ದಿತ್ತು. ಬಾಡಿಗೆದಾರರು ಒಮ್ಮೆ ಫೋನ್ ಮಾಡಿ ಹೇಳಿದ್ದಾರೆ, ಆಮೇಲೆ ಬಕೆಟ್ ಇಟ್ಟು ಸುಮ್ಮನಾಗಿದ್ದಾರೆ. ಮಳೆ ನಿಂತ ಮೇಲೆ ನೋಡಿದರೆ ಹಂಚು ಕೂರುವ ರೀಪುಗಳು ಲಡ್ಡಾಗಿದ್ದವು, ಅವನ್ನು ಹೊರುವ ಒಂದು ಪಕಾಸಿಗೆ ಗೆದ್ದಲು ಹತ್ತಿತ್ತು. ಹಂಚು ಸರಿಸಿ ಕೂರಿಸುವ ಅರ್ಧ ದಿನದ ಕೆಲಸ, ಹಂಚಿನ ಮಾಡನ್ನೇ ಬಿಚ್ಚುವ ಕೆಲಸವಾಯಿತು.

ಬಂದವರು ನಾಲ್ಕು ಮಂದಿ

ಮೊದಲ ಆಯ್ಕೆ ಮನೆಯವರೇ. ಚಿಕ್ಕಪ್ಪನ ಅಣ್ಣನ ಮಗ ವಿದ್ಯಾನಗರದಲ್ಲಿದ್ದಾನೆ. ಒಳ್ಳೆ ಹುಡುಗ, ದುಡ್ಡು ಬೇಡ ಅಂದ. ತೊಂದರೆ ಇದ್ದದ್ದು ಅಲ್ಲೇ. ಚಿಕ್ಕಮ್ಮ ನೇರವಾಗಿ ಹೇಳಿದರು: "ದುಡ್ಡು ಕೊಡದೆ ಕೆಲಸ ಮಾಡಿಸ್ಕೊಂಡ್ರೆ ತಡ ಆಯ್ತು ಅಂತ ಬೈಯ್ಯಕ್ಕಾಗಲ್ಲ. ಲೆಕ್ಕ ಕೇಳಿದ್ರೆ ಅನುಮಾನ ಪಟ್ಟ ಹಾಗಾಗುತ್ತೆ. ಬೇಡ ಮಾರಾಯ, ಅವನು ನಂಗೆ ಮಗನಾಗೇ ಇರ್ಲಿ." ವರ್ಷಕ್ಕೊಮ್ಮೆ ಐದೂ ಮನೆಗೆ ಹೋಗಿ ಬಂದು ಹೇಗಿದೆ ಅಂತ ಹೇಳುವ ಕೆಲಸವನ್ನು ಮಾತ್ರ ಅವನಿಗೆ ವಹಿಸಿದರು. ಉಸ್ತುವಾರಿ ಮಾಡದವನು ಉಸ್ತುವಾರಿಯ ಕೆಲಸ ನೋಡಿ ಬರುವುದು ನನಗೆ ಬಹಳ ಸರಿ ಕಂಡಿತು.

ಎರಡನೆಯವರು ಗೋಪಾಳದ ಒಬ್ಬ ಬ್ರೋಕರ್. ತಿಂಗಳ ಸಂಬಳ ಬೇಡ, ಹೊಸ ಬಾಡಿಗೆದಾರರು ಬಂದಾಗ ಒಂದು ತಿಂಗಳ ಬಾಡಿಗೆ ಕೊಟ್ಟರೆ ಸಾಕು ಅಂದರು. ಕೇಳಲು ಅಗ್ಗ. ಆದರೆ ಯೋಚಿಸಿ: ಮನೆ ಖಾಲಿಯಾದಾಗಲೇ ಇವರಿಗೆ ಆದಾಯ. ಇರುವವರು ನೆಮ್ಮದಿಯಾಗಿ ಐದು ವರ್ಷ ಇದ್ದುಬಿಟ್ಟರೆ ಇವರಿಗೆ ಏನೂ ಇಲ್ಲ. ನಮಗೆ ಬೇಕಿದ್ದದ್ದು ಸರಿಯಾಗಿ ಅದರ ಉಲ್ಟಾ. ಇದನ್ನು ಮಾತಾಡಿ ಸರಿಪಡಿಸಬಹುದಿತ್ತೇನೋ. ಆದರೆ ಬಾಡಿಗೆ ಕೊಡದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಾಗ, "ನೀರಿನ ವಾಲ್ವ್ ತಿರುಗಿಸಿದ್ರೆ ಎರಡೇ ದಿನ ಮೇಡಂ" ಎಂದರು. ಚಿಕ್ಕಮ್ಮನ ಮುಖ ಗಂಭೀರವಾಯಿತು. "ಆ ಮನೇಲಿ ಚಿಕ್ಕ ಮಗು ಇದೆ" ಎಂದಷ್ಟೇ ಹೇಳಿ ಮಾತು ಮುಗಿಸಿದರು.

ಇದು ಬರೀ ಮನುಷ್ಯತ್ವದ ಪ್ರಶ್ನೆಯಲ್ಲ, ಕಾನೂನೂ ಹಾಗೇ ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಮನೆಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಇಂದಿನ ಹೆಚ್ಚಿನ ಮನೆಗಳ ವಿಷಯ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಾವು ಬರೆದುಕೊಂಡ ಕರಾರಿನ ಮೇಲೆ ನಡೆಯುತ್ತದೆ. ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನಗಳ ನೋಟಿಸ್ ಕೊಡಬೇಕು. ಆಗಲೂ ಬಿಡದಿದ್ದರೆ ಕೋರ್ಟಿಗೆ ಹೋಗಬೇಕು. ಬಲವಂತವಾಗಿ ಹೊರಗೆ ಹಾಕುವ ಹಕ್ಕು ಮಾಲೀಕರಿಗೇ ಇಲ್ಲ, ಇನ್ನು ಅವರ ಪರವಾಗಿ ಬಂದವರಿಗೆ ಎಲ್ಲಿಂದ ಬರಬೇಕು? ಉಸ್ತುವಾರಿ ಮಾಡಿದ ಕೆಲಸಕ್ಕೆ ಮಾಲೀಕರೇ ಉತ್ತರ ಕೊಡಬೇಕಾಗುತ್ತದೆ ಎಂಬುದನ್ನು ಜನ ಮರೆಯುತ್ತಾರೆ.

ಮೂರನೆಯದು ಬೆಂಗಳೂರಿನಿಂದ ನಡೆಯುವ ಒಂದು ಸಂಸ್ಥೆ. ಟೈ ಕಟ್ಟಿದ ಹುಡುಗ, ಬಣ್ಣದ ಪುಸ್ತಕ, ಚೆನ್ನಾಗಿ ಮಾತಾಡಿದ. ಐದೂ ಮನೆಯನ್ನು ಮೂರು ವರ್ಷಕ್ಕೆ ನಮಗೇ ಕೊಡಿ, ಮನೆ ಖಾಲಿ ಇದ್ದರೂ ತಿಂಗಳಿಗೆ 50,000 ನಿಮ್ಮ ಖಾತೆಗೆ ಬೀಳುತ್ತದೆ ಎಂದ. ಕಾಗದ ಕೇಳಿ ಓದಿದೆ. ಅದರೊಳಗೆ ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಸಾಮಾನ್ಯ ಅಧಿಕಾರ ಪತ್ರ, ಇತ್ತು. ಮನೆಯನ್ನು "ಬಾಡಿಗೆಗೆ, ಭೋಗ್ಯಕ್ಕೆ ಅಥವಾ ಇತರ ರೀತಿಯಲ್ಲಿ" ಕೊಡುವ, "ಠೇವಣಿ ಪಡೆಯುವ" ಅಧಿಕಾರ ಬರೆದಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ರಾಜ್ಯದಲ್ಲಿ ಭೋಗ್ಯ ಅಥವಾ ಲೀಸ್ ಎಂಬ ಪದ್ಧತಿ ಇದೆ. ಬಾಡಿಗೆದಾರರು ಒಟ್ಟಿಗೆ ದೊಡ್ಡ ಮೊತ್ತ ಕೊಡುತ್ತಾರೆ, ತಿಂಗಳ ಬಾಡಿಗೆ ಇರುವುದಿಲ್ಲ, ಬಿಡುವಾಗ ಅಷ್ಟೂ ದುಡ್ಡು ವಾಪಸ್. ಮಧ್ಯದಲ್ಲಿ ನಿಂತವರು ಮಾಲೀಕರಿಗೆ ಬಾಡಿಗೆ ಅಂತ ಹೇಳಿ, ಬಾಡಿಗೆದಾರರಿಂದ ಭೋಗ್ಯದ ಲಕ್ಷಗಟ್ಟಲೆ ತೆಗೆದುಕೊಂಡು, ಅದೇ ದುಡ್ಡಿನಿಂದ ಕೆಲವು ತಿಂಗಳು ಬಾಡಿಗೆ ಕಟ್ಟಿ, ಆಮೇಲೆ ಕಾಣೆಯಾದ ದೂರುಗಳು ಬೆಂಗಳೂರಿನಲ್ಲಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿವೆ. ಆಗ ಮಾಲೀಕರಿಗೆ ಬಾಡಿಗೆ ಇಲ್ಲ, ಮನೆಯಲ್ಲಿರುವವರಿಗೆ ದುಡ್ಡು ಇಲ್ಲ. ಇಬ್ಬರೂ ಮೋಸ ಹೋದವರೇ, ಆದರೆ ಜಗಳ ಮಾತ್ರ ಅವರಿಬ್ಬರ ನಡುವೆ. ನಮ್ಮ ಬಳಿ ಬಂದ ಸಂಸ್ಥೆ ಅಂಥದ್ದು ಎಂದು ನಾನು ಹೇಳುತ್ತಿಲ್ಲ. ಆ ಕಾಗದಕ್ಕೆ ಸಹಿ ಹಾಕಿದರೆ ಹಾಗೆ ಮಾಡಲು ಬಾಗಿಲು ತೆರೆದಿಟ್ಟ ಹಾಗೆ, ಅಷ್ಟೇ. ಭೋಗ್ಯದ ಮಾತು ತೆಗೆಯಿರಿ, ಠೇವಣಿ ನೇರ ಮಾಲೀಕರಿಗೆ ಬರಲಿ ಎಂದು ಕೇಳಿದೆವು. ಆ ಹುಡುಗ ಮತ್ತೆ ಫೋನ್ ಮಾಡಲಿಲ್ಲ.

ಅಲ್ಲಿಂದಲೇ ನಮಗೆ ಒಂದು ಸ್ಪಷ್ಟತೆ ಬಂತು. ಬಾಡಿಗೆ ಮನೆಯಲ್ಲಿ ಇರುವುದು ಮೂರು ವಿಷಯ: ದುಡ್ಡು, ಸಹಿ, ಓಡಾಟ. ಚಿಕ್ಕಮ್ಮನಿಗೆ ಆಗದೆ ಇದ್ದದ್ದು ಓಡಾಟ ಒಂದೇ. ದುಡ್ಡು ಬ್ಯಾಂಕಿನ ಮೂಲಕ ತೋಟದ ಮನೆಗೇ ಬರುತ್ತದೆ. ಸಹಿ ಹಾಕಲು ಅವರ ಕೈ ಗಟ್ಟಿಯಿದೆ. ಹಾಗಿರುವಾಗ ಮೂರನ್ನೂ ಒಬ್ಬರ ಕೈಗೆ ಯಾಕೆ ಕೊಡಬೇಕು? ಉಸ್ತುವಾರಿ ಬೇಕು ಅಂದಕೂಡಲೇ ಜನ ಮೂರನ್ನೂ ಒಂದೇ ಗಂಟು ಕಟ್ಟಿ ಕೊಟ್ಟುಬಿಡುತ್ತಾರೆ. ನಾನು ನೋಡಿದ ಹೆಚ್ಚಿನ ತಕರಾರುಗಳು ಆ ಗಂಟಿನಿಂದಲೇ ಹುಟ್ಟಿದವು.

ನಾಲ್ಕನೆಯವರು ನಲವತ್ತರ ಆಸುಪಾಸಿನವರು. ಹಿಂದೆ ಕಂಟ್ರಾಕ್ಟರ್ ಒಬ್ಬರ ಬಳಿ ಸೈಟ್ ಸೂಪರ್‌ವೈಸರ್ ಆಗಿದ್ದರು. ಈಗ ಹೊರದೇಶದಲ್ಲಿರುವವರ ಒಂದಷ್ಟು ಮನೆಗಳನ್ನು ನೋಡಿಕೊಳ್ಳುತ್ತಾರೆ. ಲೆಕ್ಕ ಬರೆಯುವುದು ಅವರ ಹೆಂಡತಿ. ಬಾಡಿಗೆಯ ಶೇ. 10 ಕೇಳಿದರು.

ಬ್ರೋಕರನ್ನೂ ಇವರನ್ನೂ ನಾವು ಕೋಟೆಯ ಮನೆಗೆ ಕರೆದುಕೊಂಡು ಹೋಗಿದ್ದೆವು, ಬೇಕೆಂದೇ ಮಳೆ ಬರುವಾಗ. ಬ್ರೋಕರ್ ಮುಂದಿನ ಕೋಣೆ ನೋಡಿ, ನೆಲಕ್ಕೆ ಟೈಲ್ಸ್ ಹಾಕಿಸಿದರೆ 10,000 ಬರುತ್ತದೆ ಎಂದಿದ್ದರು. ಇವರು ಮೊದಲು ಬಾಡಿಗೆದಾರರ ಹತ್ತಿರ ಒಳಗೆ ಬರಬಹುದಾ ಎಂದು ಕೇಳಿದರು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಮೀಟರ್ ಬೋರ್ಡಿನ ಹಿಂದಿನ ಗೋಡೆ ಮುಟ್ಟಿ ನೋಡಿದರು. ಅರ್ತಿಂಗ್ ಎಲ್ಲಿದೆ ಎಂದು ಕೇಳಿದರು. ಏಣಿ ತರಿಸಿ ಅಟ್ಟ ಹತ್ತಿದರು. ಇಳಿದು ಬಂದು, "ಮೇಡಂ, ಹಿಂದುಗಡೆ ಹಲಸಿನ ಮರದ ಒಂದು ಕೊಂಬೆ ತೆಗೆಸ್ಬೇಕು. ಎಲೆ ಬಿದ್ದು ನೀರು ನಿಲ್ತಿದೆ, ಹಂಚಿನ ತಪ್ಪಲ್ಲ" ಎಂದರು. ಬಾಡಿಗೆ ಎಷ್ಟು ಬರಬಹುದು ಎಂಬ ಮಾತನ್ನೇ ಆಡಲಿಲ್ಲ. ನನಗೆ ಆ ಹೊತ್ತಿಗೆ ಮನಸ್ಸು ಗಟ್ಟಿಯಾಯಿತು.

ಆದರೂ ವಿಚಾರಿಸಿದೆವು. ಅವರು ಕೊಟ್ಟ ಮಾಲೀಕರ ನಂಬರುಗಳಿಗೆ ಫೋನ್ ಮಾಡಿದರೆ ಎಲ್ಲರೂ ಹೊಗಳುತ್ತಾರೆ, ಅದರಿಂದ ಹೆಚ್ಚು ತಿಳಿಯುವುದಿಲ್ಲ. ಅವರು ನೋಡಿಕೊಳ್ಳುವ ಮನೆಗಳ ಬಾಡಿಗೆದಾರರನ್ನು ಮಾತಾಡಿಸಿದ್ದೇ ಉಪಯೋಗಕ್ಕೆ ಬಂತು. ವಿನೋಬನಗರದ ಒಬ್ಬ ಹೆಂಗಸು ಹೇಳಿದ್ದು: "ಫೋನ್ ತೆಗೀತಾರೆ. ಬರ್ತೀನಿ ಅಂದ ದಿನ ಬರ್ತಾರೆ. ಆದ್ರೆ ಪಕ್ಕದ ಮನೆಯವ್ರಿಗೆ ಅಡ್ವಾನ್ಸ್ ವಾಪಸ್ ಕೊಡೋದು ತುಂಬ ತಡ ಮಾಡಿದ್ರು." ಇದನ್ನು ಅವರನ್ನೇ ಕೇಳಿದೆವು. ಮುಚ್ಚಿಡಲಿಲ್ಲ. ಆ ಮನೆಯ ಅಡ್ವಾನ್ಸ್ ತಮ್ಮ ಖಾತೆಯಲ್ಲಿತ್ತು, ಬೇರೆ ಮನೆಯ ರಿಪೇರಿಗೆ ಖರ್ಚಾಗಿತ್ತು, ಹೊಂದಿಸಿ ಕೊಡಲು ಸಮಯ ಹಿಡಿಯಿತು ಎಂದರು. ಕೆಟ್ಟ ಮನುಷ್ಯ ಅಲ್ಲ, ಆದರೆ ಪದ್ಧತಿ ಕೆಟ್ಟದ್ದು. ಅಡ್ವಾನ್ಸ್ ಅವರ ಕೈಗೆ ಹೋಗದ ಹಾಗೆ ಕರಾರು ಬರೆದರೆ ಆ ತೊಂದರೆಯೇ ಇರುವುದಿಲ್ಲ, ಅಲ್ವಾ?

ಕರಾರು

ದರ ಶೇ. 8ಕ್ಕೆ ನಿಂತಿತು, ಬಂದ ಬಾಡಿಗೆಯ ಮೇಲೆ ಮಾತ್ರ. ಪೂರ್ತಿ ಬಂದರೆ ತಿಂಗಳಿಗೆ 4,400. ಮನೆ ಖಾಲಿ ಇದ್ದರೆ ಅದರ ಪಾಲು ಇಲ್ಲ. ಹೊಸ ಬಾಡಿಗೆದಾರರನ್ನು ತಂದರೆ ಅರ್ಧ ತಿಂಗಳ ಬಾಡಿಗೆ ಬೇರೆ, ಅದೂ ಎರಡು ಕಂತಿನಲ್ಲಿ; ಬಂದವರು ಹನ್ನೊಂದು ತಿಂಗಳು ಇದ್ದರೆ ಮಾತ್ರ ಎರಡನೇ ಕಂತು. ಚಿಕ್ಕಮ್ಮನಿಗೆ 4,400 ಜಾಸ್ತಿ ಅನ್ನಿಸಿತ್ತು. ಗೋಪಾಳದ ಕೆಳಗಿನ ಮನೆ ಒಂದು ತಿಂಗಳು ಖಾಲಿ ಇದ್ದರೆ 14,000 ಹೋಗುತ್ತದೆ, ಇದು ಅವರ ಮೂರು ತಿಂಗಳ ಶುಲ್ಕಕ್ಕಿಂತ ಹೆಚ್ಚು ಎಂದು ತೋರಿಸಿದೆ. ಒಪ್ಪಿದರು.

ತೆರಿಗೆಯ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಬಹಳ ಜನ ತಪ್ಪು ತಿಳಿದಿರುತ್ತಾರೆ. ಮನೆ ಬಾಡಿಗೆ ಆದಾಯದಲ್ಲಿ ಉಸ್ತುವಾರಿ ಶುಲ್ಕವನ್ನಾಗಲಿ ರಿಪೇರಿ ಬಿಲ್ಲನ್ನಾಗಲಿ ಬೇರೆಯಾಗಿ ಕಳೆಯಲು ಬರುವುದಿಲ್ಲ. ಮಾಲೀಕರು ಕಟ್ಟಿದ ಮನೆ ಕಂದಾಯ ಕಳೆದು ಉಳಿದದ್ದರಲ್ಲಿ ಶೇ. 30 ಕಡಿತ ಸಿಗುತ್ತದೆ, ನೀವು ಖರ್ಚು ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ಇಂಥ ಖರ್ಚೆಲ್ಲ ಅದರೊಳಗೆ ಸೇರಿದ ಲೆಕ್ಕ. ಇನ್ನೊಂದು, ಮಾಲೀಕರು ಅನಿವಾಸಿ ಭಾರತೀಯರಾದರೆ ಬಾಡಿಗೆ ಎಷ್ಟೇ ಸಣ್ಣದಿರಲಿ, ಬಾಡಿಗೆದಾರರು ಮೂಲದಲ್ಲೇ ತೆರಿಗೆ ಹಿಡಿದು ಕಟ್ಟಬೇಕು. ಕೆನಡಾದಲ್ಲಿರುವ ಮಗಳ ಹೆಸರಿಗೆ ಒಂದು ಮನೆ ಬರೆಯುವ ಯೋಚನೆ ಚಿಕ್ಕಮ್ಮನಿಗಿತ್ತು. ಈ ಕಾರಣಕ್ಕೆ ಸದ್ಯ ಬೇಡ ಎಂದೆ.

ಜಿಪಿಎ ಕೊಡಲಿಲ್ಲ. ಛಾಪಾ ಕಾಗದದ ಮೇಲೆ ಒಂದು ಕರಾರು, ಜೊತೆಗೆ ಒಂದು ಪುಟದ ಅಧಿಕಾರ ಪತ್ರ, ಅಷ್ಟೇ. ಮನೆ ತೋರಿಸಬಹುದು, ಬೀಗದ ಕೈ ಇಟ್ಟುಕೊಳ್ಳಬಹುದು, ರಿಪೇರಿ ಮಾಡಿಸಬಹುದು, ನೋಟಿಸ್ ತಲುಪಿಸಬಹುದು, ಮೆಸ್ಕಾಂ ಮತ್ತು ಪಾಲಿಕೆಯಲ್ಲಿ ಓಡಾಡಬಹುದು. ಬಾಡಿಗೆ ಅಥವಾ ಅಡ್ವಾನ್ಸ್ ನಗದಾಗಿ ಪಡೆಯುವಂತಿಲ್ಲ, ಬಾಡಿಗೆ ಕರಾರಿಗೆ ಸಹಿ ಹಾಕುವಂತಿಲ್ಲ, ಭೋಗ್ಯಕ್ಕೆ ಕೊಡುವಂತಿಲ್ಲ. ಈ ಪತ್ರದ ಒಂದು ಪ್ರತಿಯನ್ನು ಚಿಕ್ಕಮ್ಮನ ಬ್ಯಾಂಕ್ ವಿವರ, ಫೋನ್ ನಂಬರ್ ಜೊತೆ ಪ್ರತಿ ಮನೆಗೂ ಕೊಟ್ಟೆವು. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲೂ ಇದೇ ಯೋಚನೆ ಇದೆ: ಉಸ್ತುವಾರಿ ಯಾರು, ಅವರಿಗೆ ಯಾವ ಕೆಲಸಕ್ಕೆ, ಎಷ್ಟು ಕಾಲ ಅಧಿಕಾರ ಇದೆ ಎಂಬುದನ್ನು ಮಾಲೀಕರು ಬಾಡಿಗೆದಾರರಿಗೆ ತಿಳಿಸಬೇಕು. ರಾಜ್ಯಗಳು ತಾವಾಗಿ ಕಾನೂನು ಮಾಡಿಕೊಂಡರೆ ಮಾತ್ರ ಅದು ಜಾರಿಗೆ ಬರುವಂಥದ್ದು, ಆದರೆ ಒಳ್ಳೆಯ ಮಾತನ್ನು ಪಾಲಿಸಲು ಜಾರಿಗೆ ಕಾಯಬೇಕಿಲ್ಲ.

ರಿಪೇರಿಯ ವಿಷಯದಲ್ಲಿ ಮಾತು ಉದ್ದ ಹೋಯಿತು. 2,000 ರೂಪಾಯಿ ಒಳಗಿನದ್ದು ಅವರೇ ಮಾಡಿಸಿ ಬಿಲ್ ಮತ್ತು ಫೋಟೋ ಕಳಿಸುವುದು. ಅದಕ್ಕಿಂತ ಹೆಚ್ಚಾದರೆ ಕೇಳುವುದು. ನೀರಿನ ಪೈಪು ಒಡೆದರೆ, ಕರೆಂಟ್ ಅಪಾಯವಿದ್ದರೆ 5,000ದವರೆಗೆ ಮೊದಲು ಕೆಲಸ, ಆಮೇಲೆ ಮಾತು. ಇದಕ್ಕಾಗಿ 10,000 ರೂಪಾಯಿ ಅವರ ಬಳಿ ಇರುತ್ತದೆ. ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಐದೂ ಮನೆಯ ಮಾಡು, ಟೆರೇಸ್, ಮಳೆನೀರಿನ ಪೈಪು ನೋಡಲೇಬೇಕು. ಏಪ್ರಿಲ್ ಒಳಗೆ ಮನೆ ಕಂದಾಯ ಕಟ್ಟಿ ಶೇ. 5 ರಿಯಾಯಿತಿ ಉಳಿಸಬೇಕು. ಯಾರಾದರೂ ಮನೆ ಬಿಟ್ಟರೆ ಅಂದೇ ಮೀಟರ್ ಫೋಟೋ ತೆಗೆದು, ಬಾಕಿ ಕಟ್ಟಿಸಿ, ಗೃಹಜ್ಯೋತಿ ಜೋಡಣೆ ಬಿಡಿಸಿದ ಮೇಲೆಯೇ ಚಿಕ್ಕಮ್ಮ ಅಡ್ವಾನ್ಸ್ ವಾಪಸ್ ಹಾಕುವುದು, ಅದೂ ಏಳು ದಿನದೊಳಗೆ.

ಕೊನೆಯಲ್ಲಿ ಉಸ್ತುವಾರಿಯವರು ಒಂದು ಪ್ರಶ್ನೆ ಕೇಳಿದರು: "ಮೇಡಂ, ಇಂಥವ್ರಿಗೆ ಕೊಡಬಾರ್ದು ಅಂತ ಏನಾದ್ರೂ ಇದೆಯಾ?" ಜಾತಿ, ಊಟ, ಧರ್ಮ ಎಲ್ಲ ಆ ಒಂದು ಮಾತಿನಲ್ಲಿ ಇರುತ್ತದೆ. ಚಿಕ್ಕಮ್ಮ, "ಬಾಡಿಗೆ ಸರಿಯಾಗಿ ಕೊಟ್ಟು, ಮನೆ ಚೊಕ್ಕಟ ಇಟ್ಕೊಳ್ಳೋರು ಯಾರಾದ್ರೂ ಸರಿ. ಅದನ್ನೂ ಬರೀರಿ" ಎಂದರು. ಬರೆಸಿದೆವು. ಮಾಲೀಕರು ಸುಮ್ಮನಿದ್ದರೆ ಬಾಗಿಲಲ್ಲಿ ನಿಂತವರ ಮನಸ್ಸಿನ ಪಟ್ಟಿಯೇ ನಡೆಯುತ್ತದೆ. ಮನೆ ಹುಡುಕುತ್ತಾ ಬಂದವರು ಸುಳ್ಳು ನೆಪ ಕೇಳಿ ವಾಪಸ್ ಹೋಗಿರುತ್ತಾರೆ, ಮಾಲೀಕರಿಗೆ ಗೊತ್ತೂ ಆಗಿರುವುದಿಲ್ಲ.

ನಡೆದದ್ದು

ಮೊದಲ ಆರು ತಿಂಗಳು ನವುಲೆಯ ಮನೆ ಮತ್ತು ಗೋಪಾಳದ ಒಂದು ಮೇಲಿನ ಮನೆ ಮಾತ್ರ ಕೊಟ್ಟೆವು. ನವುಲೆಯ ಹುಡುಗರು ಓದು ಮುಗಿಸಿ ಹೋದಾಗ ಪರೀಕ್ಷೆ ಆಯಿತು. ಮೀಟರ್ ಫೋಟೋ ಬಂತು, ಬಾಕಿ ಕಟ್ಟಿಸಿದ ರಶೀದಿ ಬಂತು, ಮುಂದಿನ ಹುಡುಗರ ಕಾಲೇಜು ಗುರುತಿನ ಚೀಟಿ, ಅಪ್ಪ-ಅಮ್ಮನ ಫೋನ್ ನಂಬರ್ ಬಂತು. ಹೊಸ ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೂ ಕೊಟ್ಟಿದ್ದರು. ಅದರ ಜೊತೆ 11,000 ರೂಪಾಯಿಯ ಪೇಂಟಿಂಗ್ ಬಿಲ್ಲೂ ಬಂತು, ಕೇಳದೆ ಮಾಡಿಸಿದ್ದು. ಚಿಕ್ಕಮ್ಮ ಕರಾರಿನ ಸಾಲು ಓದಿ ಹೇಳಿದರು. ಕೆಲಸ ಚೆನ್ನಾಗಿತ್ತು, ರೇಟೂ ಊರಿನ ರೇಟೇ, ಹಾಗಾಗಿ ಕೊಟ್ಟರು. ಆದರೆ 2,000 ಮೀರಿದ ಕೆಲಸಕ್ಕೆ ಇಬ್ಬರ ಹತ್ತಿರ ರೇಟು ಬರೆಸಿ ಕಳಿಸಬೇಕು, ಇಲ್ಲದಿದ್ದರೆ ದುಡ್ಡು ಇಲ್ಲ ಎಂದು ಕರಾರಿಗೆ ಸೇರಿಸಿದರು. ಅವರು ಬೇಜಾರಿಲ್ಲದೆ ಸಹಿ ಹಾಕಿದರು. ಆಮೇಲೆ ಉಳಿದ ಮೂರು ಮನೆಯೂ ಅವರ ಕೈಗೆ ಹೋಯಿತು.

ಒಂದು ಮಳೆಗಾಲ ಕಳೆದ ಮೇಲೆ ಅವರೇ ಒಂದು ವಿಷಯ ಎತ್ತಿದರು. ಕೋಟೆಯ ಮನೆಯಿಂದ ತಮಗೆ ಬರುವುದು 640 ರೂಪಾಯಿ, ಆದರೆ ಅದೊಂದರ ಓಡಾಟ ಉಳಿದ ನಾಲ್ಕಕ್ಕಿಂತ ಜಾಸ್ತಿ ಎಂದರು. ಲೆಕ್ಕ ನೋಡಿದರೆ ಮಾತು ನಿಜ. ಶೇಕಡಾವಾರು ಶುಲ್ಕದಲ್ಲಿ ಇದೊಂದು ದೋಷ. ಹೆಚ್ಚು ಆರೈಕೆ ಬೇಕಾದ ಹಳೇ ಮನೆಗೇ ಕಡಿಮೆ ದುಡ್ಡು ಬೀಳುತ್ತದೆ. ಕಾಲ ಕಳೆದಂತೆ ಅಲ್ಲಿಗೆ ಹೋಗುವುದು ಕಡಿಮೆಯಾಗುತ್ತದೆ, ಎಂಥ ಒಳ್ಳೆಯವರಾದರೂ. ಈಗ ಆ ಒಂದು ಮನೆಗೆ ಮಾತ್ರ ತಿಂಗಳಿಗೆ 1,200 ಎಂದು ಗೊತ್ತುಮಾಡಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅಟ್ಟ ಹತ್ತಿ ಮಾಡಿನ ಒಳಗಿನ ಫೋಟೋ ಕಳಿಸಬೇಕು, ತಪ್ಪಿದ ತಿಂಗಳು ಹಳೇ 640 ಮಾತ್ರ. ಒಟ್ಟು ಶುಲ್ಕ ತಿಂಗಳಿಗೆ 4,960 ಆಗಿದೆ. ಹಲಸಿನ ಕೊಂಬೆ ತೆಗೆಸಿದ್ದಾಗಿದೆ. ಗೆದ್ದಲು ಹಿಡಿದ ಪಕಾಸಿ ಬದಲಿಸಲು ಎರಡು ಕಡೆಯ ರೇಟು ಬಂದಿದೆ, ಚಿಕ್ಕಮ್ಮ ನೋಡುತ್ತಿದ್ದಾರೆ.